ಧಾರವಾಡಕ್ಕೆ ಬಂದ ಬ್ರೆಜಿಲ್, ಬ್ರೆಜಿಲ್‌ಗೆ ಹೋದ ರೇಣುಕಾ

ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೊರಟ ರಸ್ತೆ ಕಲಘಟಗಿ ದಾಟಿ ದೇವಿಕೊಪ್ಪ ಮುಟ್ಟುವ ಹೊತ್ತಿಗೆ ಎರಿ ಹೊಲಗಳು ಹಿಂದೆ ಬಿದ್ದು ಮಲೆನಾಡಿನ ಸೆರಗು ಶುರುವಾಗಿರುತ್ತದೆ. ಭತ್ತ, ಗೋವಿನಜೋಳ, ನೀರಿದ್ದವರ ಹೊಲದಲ್ಲಿ ಕಬ್ಬು. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಗ್ಯಾಂಗಿನವರ ಹಿಂದೆ ಓಡಾಡುವುದು, ಅವರ ಖುಷಾಲಿ, ಟ್ರ್ಯಾಕ್ಟರಿನ ಪಾಳಿ, ತೂಕದ ಚೀಟಿ ಇವೇ ಮಾತು. ಮನೆಯ ಹಿರಿಮಗ ಕಬ್ಬಿನ ಬಿಲ್ಲಿಗೆ ಕಾದಿದ್ದರೆ, ಐಟಿಐ ಮುಗಿಸಿದ ಕಿರಿಯವ ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹುಡುಕುತ್ತಾನೆ.

ಈ ಎರಡೂ ದಾರಿಗಳ ತುದಿಯಲ್ಲಿ ಬ್ರೆಜಿಲ್ ಇತ್ತು ಎಂದರೆ ಊರವರು ನಕ್ಕಾರು. ಆದರೆ ಇದ್ದದ್ದು ಹೌದು. ಧಾರವಾಡದಲ್ಲಿ ಬಸ್ಸು ಕಟ್ಟಲು ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿ ಬಂದಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಶ್ರೀ ರೇಣುಕಾ ಶುಗರ್ಸ್ ಬ್ರೆಜಿಲ್‌ಗೆ ಹೋಗಿ ಕಬ್ಬು ಅರೆದಿತ್ತು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಮ್ಮ ಸೀಮೆಗೆ ಅವರು, ಅವರ ಸೀಮೆಗೆ ನಾವು. ಹೊರಗಿನಿಂದ ಬಂದು ದುಡ್ಡು ಹಾಕಿದವನಿಗೆ ಯಾವ ದೇಶದ ಕಾನೂನು ಎಷ್ಟು ಆಸರೆ ಕೊಡುತ್ತದೆ ಎಂದು ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ಜೋಡಿ ಉತ್ತರ ಕರ್ನಾಟಕದವರಿಗೆ ಸಿಗಲಾರದು.

ಮೊದಲು ಬಂದವರ ಕಥೆ. ಮಾರ್ಕೊಪೋಲೊ 1949ರಲ್ಲಿ ದಕ್ಷಿಣ ಬ್ರೆಜಿಲ್‌ನ ಕಾಶಿಯಾಸ್ ದೊ ಸುಲ್ ಎಂಬ ಊರಿನಲ್ಲಿ ಶುರುವಾದ ಬಸ್ ಬಾಡಿ ಕಂಪನಿ. 2006ರಲ್ಲಿ ಟಾಟಾ ಮೋಟರ್ಸ್ ಜೊತೆ ಸೇರಿ ಟಾಟಾ ಮಾರ್ಕೊಪೋಲೊ ಮೋಟರ್ಸ್ ಕಟ್ಟಿತು. ಟಾಟಾದ ಪಾಲು ಶೇ 51, ಬ್ರೆಜಿಲ್‌ನವರದು ಶೇ 49. ಧಾರವಾಡದಲ್ಲಿ ಕಟ್ಟಿದ ಬಸ್ಸುಗಳು ದಿಲ್ಲಿ, ಬೆಂಗಳೂರಿನ ರಸ್ತೆಗಿಳಿದವು. ಬೆಂಗಳೂರಿನಲ್ಲಂತೂ ಕೆಲಕಾಲ ‘ಮಾರ್ಕೊಪೋಲೊ ಬಸ್’ ಎಂದೇ ಹೆಸರಾಯಿತು. 2020ರ ಡಿಸೆಂಬರಿನಲ್ಲಿ ಬ್ರೆಜಿಲ್‌ನವರು ತಮ್ಮ ಶೇ 49ರ ಪಾಲನ್ನು 99.96 ಕೋಟಿ ರೂಪಾಯಿಗೆ ಟಾಟಾಕ್ಕೆ ಮಾರಲು ಒಪ್ಪಿದರು. ಕನಿಷ್ಠ ಮೂರು ವರ್ಷ ಹೆಸರು ಬಳಸಲು ಬಿಟ್ಟುಕೊಟ್ಟರು; ಅಷ್ಟು ಕಾಲ ಭಾರತದಲ್ಲಿ ಪೈಪೋಟಿಗೆ ಇಳಿಯುವುದಿಲ್ಲ ಎಂದೂ ಬರೆದುಕೊಟ್ಟರು. ಸದ್ದುಗದ್ದಲವಿಲ್ಲ, ಕೋರ್ಟು ಕಚೇರಿ ಇಲ್ಲ. ಕಾರ್ಖಾನೆ ಈಗಲೂ ಇದೆ, ಬೋರ್ಡಿನ ಮೇಲಿನ ಹೆಸರು ಬೇರೆ.

ಈ ವ್ಯವಹಾರದಲ್ಲಿ ಬ್ರೆಜಿಲ್‌ನವರನ್ನು ಕಾದದ್ದು ಯಾವುದು? ನಮ್ಮ ಕಂಪನಿ ಕಾಯ್ದೆ, ಕರಾರು ಕಾಯ್ದೆ, ಇಬ್ಬರೂ ಸಹಿ ಹಾಕಿದ ಪಾಲುದಾರಿಕೆಯ ಪತ್ರ. ಸಂವಿಧಾನದ 14ನೇ ವಿಧಿ ಕೊಡುವ ಕಾನೂನಿನ ಸಮಾನತೆ ಪ್ರಜೆಗಳಿಗಷ್ಟೇ ಅಲ್ಲ, ಎಲ್ಲ ‘ವ್ಯಕ್ತಿ’ಗಳಿಗೂ ಉಂಟು, 19ನೇ ವಿಧಿಯ ಉದ್ಯೋಗ ಸ್ವಾತಂತ್ರ್ಯ ಮಾತ್ರ ಭಾರತದ ಪ್ರಜೆಗಳದ್ದು. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ, 300ಎ ವಿಧಿಯಲ್ಲಿ ಬರಿಯ ಸಂವಿಧಾನಾತ್ಮಕ ಹಕ್ಕು. ಅಂದರೆ ಕಾಯ್ದೆಯ ಬಲವಿಲ್ಲದೆ ಸರ್ಕಾರ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಇದು ಕಾಶಿಯಾಸ್ ದೊ ಸುಲ್‌ನ ಕಂಪನಿಗೂ ಒಂದೇ, ದೇವಿಕೊಪ್ಪದ ಎರಡೆಕರೆಯವನಿಗೂ ಒಂದೇ. ಜೊತೆಗೆ ಒಂದು ಕಟ್ಟುಪಾಡೂ ಇತ್ತು. ವಿದೇಶಿಯೊಬ್ಬ ತನ್ನ ಷೇರನ್ನು ಭಾರತದವರಿಗೆ ಮಾರುವಾಗ ನಮ್ಮ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ನ್ಯಾಯವಾದ ಮೌಲ್ಯಮಾಪನಕ್ಕಿಂತ ಹೆಚ್ಚು ಬೆಲೆ ಪಡೆಯುವಂತಿಲ್ಲ. ‘ಹೊರಡುವಾಗ ನನಗಿಷ್ಟು ಲಾಭ ಖಾತ್ರಿ’ ಎಂದು ಮೊದಲೇ ಬರೆಸಿಕೊಳ್ಳಲೂ ಬರುವುದಿಲ್ಲ. ಬಂದವನ ಕೈ ಹಿಡಿಯುವ ಕಾನೂನು, ಹೋಗುವಾಗ ಅವನ ಚೀಲವನ್ನೂ ತೂಗಿ ನೋಡುತ್ತದೆ.

ಇನ್ನು ಹೋದವರ ಕಥೆ. ಇದರಲ್ಲಿ ಹೂರಣ ಹೆಚ್ಚು.

1998ರಲ್ಲಿ ಮುರ್ಕುಂಬಿ ಕುಟುಂಬ ಆಂಧ್ರದ ಹಿಂದೂಪುರದಲ್ಲಿ ನಿಂತುಹೋಗಿದ್ದ ಸರ್ಕಾರಿ ಸಕ್ಕರೆ ಕಾರ್ಖಾನೆಯೊಂದನ್ನು ಕೊಂಡು, ಬಿಚ್ಚಿ, ಸವದತ್ತಿ ತಾಲೂಕಿನ ಮುನವಳ್ಳಿಗೆ ತಂದು ನಿಲ್ಲಿಸಿತು. ಸುತ್ತಲಿನ ಸಾವಿರಾರು ಬೆಳೆಗಾರರು ಷೇರು ಹಾಕಿದರು. ಹೆಸರಿಟ್ಟದ್ದು ಗುಡ್ಡದ ಮೇಲಿನ ರೇಣುಕೆಯದು. ಭಾರತ ಹುಣ್ಣಿಮೆಗೆ ‘ಉಧೋ ಉಧೋ’ ಎನ್ನುತ್ತ ಚಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮ ಕಡೆಯವರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. 2005ರಲ್ಲಿ ಷೇರು ಪೇಟೆಗೆ ಬಂದ ಕಂಪನಿ, 2009ರ ಕೊನೆಗೆ ಬ್ರೆಜಿಲ್‌ನ ಪರಾನಾ ರಾಜ್ಯದ ವಾಲೆ ದೊ ಇವಾಯಿ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2010ರಲ್ಲಿ ಸಾವೊ ಪಾಲೊ ರಾಜ್ಯದ ಎಕಿಪಾವ್ ಸಕ್ಕರೆ ಸಮೂಹದ ಅರ್ಧಕ್ಕಿಂತ ತುಸು ಹೆಚ್ಚು ಪಾಲನ್ನೂ ಕೊಂಡಿತು. ಎರಡೂ ಸೇರಿ ವರ್ಷಕ್ಕೆ ಕೋಟಿ ಟನ್ನಿಗೂ ಮೀರಿ ಕಬ್ಬು ನುರಿಸುವ ಸಾಮರ್ಥ್ಯ. ಸಾವೊ ಪಾಲೊದ ಎರಡು ಕಾರ್ಖಾನೆಗಳಿಗೆ ‘ಮಧು’, ‘ರೇವತಿ’ ಎಂದು ಹೊಸ ಹೆಸರು ಬಂತು. ಪೋರ್ಚುಗೀಸ್ ನಾಲಿಗೆ ಆ ಹೆಸರುಗಳನ್ನು ಹೇಗೆ ಹೊರಳಿಸಿತೋ.

ಬ್ರೆಜಿಲ್ ಕೊಟ್ಟ ಕಾನೂನಿನ ಆಸರೆ ಕಡಿಮೆಯದೇನಲ್ಲ. ವಿದೇಶಿ ಬಂಡವಾಳಕ್ಕೂ ಸ್ವದೇಶಿ ಬಂಡವಾಳಕ್ಕೂ ಒಂದೇ ನ್ಯಾಯ ಎಂದು 1962ರ 4131ನೇ ಕಾಯ್ದೆ ಹೇಳುತ್ತಿತ್ತು. ಬಂದ ದುಡ್ಡು ಅಲ್ಲಿನ ಕೇಂದ್ರ ಬ್ಯಾಂಕಿನಲ್ಲಿ ನೋಂದಣಿ ಆಗಿದ್ದರೆ ಲಾಭ ಹೊರಗೆ ಒಯ್ಯಲು ದಾರಿಯಿತ್ತು. ಸರ್ಕಾರ ಆಸ್ತಿ ವಶಪಡಿಸಿಕೊಳ್ಳುವುದಿದ್ದರೆ ನ್ಯಾಯವಾದ ಪರಿಹಾರವನ್ನು ಮೊದಲೇ, ನಗದಿನಲ್ಲಿ ಕೊಡಬೇಕು ಎಂಬುದು ಅಲ್ಲಿಯ 1988ರ ಸಂವಿಧಾನದ 5ನೇ ವಿಧಿಯ ಸಾಮಾನ್ಯ ನಿಯಮ. ‘ಮೊದಲೇ’ ಎಂಬುದನ್ನು ಗಮನಿಸಿ. ನಮ್ಮ 300ಎ ವಿಧಿಯ ಒಕ್ಕಣೆಯಲ್ಲಿ ‘ಪರಿಹಾರ’ದ ಸುದ್ದಿಯೇ ಇಲ್ಲ. ಕಾಗದದ ಮಟ್ಟಿಗೆ ಬ್ರೆಜಿಲ್ ನಮಗಿಂತ ಒಂದು ಹೆಜ್ಜೆ ಮುಂದೆ.

ಆಚರಣೆಯಲ್ಲಿ ಅಲ್ಲೂ ಪಾಳಿ ಹಚ್ಚಬೇಕು. ಸರ್ಕಾರದ ವಿರುದ್ಧ ಕೋರ್ಟಿನಲ್ಲಿ ಗೆದ್ದರೆ ಹಣ ಕೈಗೆ ಬರುವುದು ‘ಪ್ರೆಕಾಟೋರಿಯೊ’ ಎಂಬ ಪಟ್ಟಿಯ ಮೂಲಕ. ಸಂವಿಧಾನದ 100ನೇ ವಿಧಿ ಪ್ರಕಾರ ಸರದಿ ಬಂದಂತೆ ಬಜೆಟ್ಟಿನಿಂದ ಪಾವತಿ. ಬೊಕ್ಕಸ ಬರಿದಾದಾಗಲೆಲ್ಲ ಸಂವಿಧಾನಕ್ಕೇ ತಿದ್ದುಪಡಿ ತಂದು ಈ ಪಾವತಿಯನ್ನು ಮುಂದೂಡಿದ್ದಾರೆ, 2009ರಲ್ಲೊಮ್ಮೆ, 2021ರಲ್ಲೊಮ್ಮೆ. ಭೂಸ್ವಾಧೀನದ ಹೆಚ್ಚುವರಿ ಪರಿಹಾರಕ್ಕೆ ಧಾರವಾಡದ ಕೋರ್ಟುಗಳಲ್ಲಿ ಡಿಕ್ರಿ ಪಡೆದು, ಅದರ ಜಾರಿಗೆ ಮತ್ತೆ ಅರ್ಜಿ ಹಾಕಿ ಕೂತವರಿಗೆ ಇದು ಹೊಸ ಸುದ್ದಿಯಲ್ಲ.

ರೇಣುಕಾ ಕಾಲಿಟ್ಟ ವರ್ಷವೇ ಇನ್ನೊಂದು ಬೆಳವಣಿಗೆ ಆಯಿತು. 1971ರ 5709ನೇ ಕಾಯ್ದೆ ವಿದೇಶಿಯರು ಹೊಲ ಕೊಳ್ಳುವುದಕ್ಕೆ ಮಿತಿ ಹಾಕಿತ್ತು. ಒಂದು ಪುರಸಭೆಯ ವ್ಯಾಪ್ತಿಯ ಜಮೀನಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ವಿದೇಶಿಯರ ಕೈಗೆ ಹೋಗಬಾರದು. ಬ್ರೆಜಿಲ್‌ನಲ್ಲೇ ನೋಂದಣಿಯಾದ ಕಂಪನಿ, ಅದರ ಒಡೆಯ ಮಾತ್ರ ವಿದೇಶಿ ಆಗಿದ್ದರೆ ಈ ಮಿತಿ ಅನ್ವಯಿಸದು ಎಂದು ಬಹಳ ವರ್ಷ ನಡೆದುಬಂದಿತ್ತು. 2010ರ ಆಗಸ್ಟಿನಲ್ಲಿ ಸರ್ಕಾರದ ಮಹಾ ವಕೀಲರ ಕಚೇರಿ ‘ಅವರಿಗೂ ಅನ್ವಯ’ ಎಂಬ ಅಭಿಪ್ರಾಯ ಪ್ರಕಟಿಸಿತು. ಕಬ್ಬಿನ ಕಾರ್ಖಾನೆಗೆ ಹೊಲವೇ ಜೀವ. ಬಂದ ಮೇಲೆ ನಿಯಮದ ಅರ್ಥವೇ ಬದಲಾದರೆ ಹೂಡಿಕೆದಾರನಿಗೆ ಇರಿಸುಮುರಿಸು ಸಹಜ. ಆದರೆ ಬ್ರೆಜಿಲ್ ಮಾಡಿದ್ದು ತಪ್ಪೆಂದು ನಾವು ಹೇಳಿದರೆ ಬಾಯಿಗೆ ಬೀಗ ಬೀಳುತ್ತದೆ: ಭಾರತದಲ್ಲಿ ವಿದೇಶಿಯರು ಕೃಷಿಭೂಮಿ ಕೊಳ್ಳುವಂತೆಯೇ ಇಲ್ಲ. ಕರ್ನಾಟಕದಲ್ಲಂತೂ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾಗುವ ತನಕ ರೈತನಲ್ಲದ ನಮ್ಮವನೇ ಹೊಲ ಕೊಳ್ಳಲು ಪರದಾಡುತ್ತಿದ್ದ.

ರೇಣುಕಾವನ್ನು ಮಣಿಸಿದ್ದು ಹೊಲದ ಕಾಯ್ದೆಯಲ್ಲ. ಬರ ಬಂತು, ಸಕ್ಕರೆ ದರ ಕುಸಿಯಿತು, ಡಾಲರಿನ ಸಾಲದ ಮೇಲೆ ಬ್ರೆಜಿಲ್‌ನ ನಾಣ್ಯ ರಿಯಾಲ್ ಜಾರಿತು. ಇವೆಲ್ಲ ದೈವದ ಆಟ, ಪೇಟೆಯ ಆಟ. ಸರ್ಕಾರದ ಆಟವೂ ಒಂದಿತ್ತು. ಅಲ್ಲಿ ಕಬ್ಬಿನಿಂದ ತೆಗೆದ ಎಥೆನಾಲ್ ಪೆಟ್ರೋಲಿನ ಜೊತೆ ನೇರ ಪೈಪೋಟಿ ಮಾಡುತ್ತದೆ. ಬಂಕಿಗೆ ಬಂದವನು ಯಾವುದು ಅಗ್ಗವೋ ಅದನ್ನು ಹಾಕಿಸಿಕೊಳ್ಳುತ್ತಾನೆ. ದಿಲ್ಮಾ ರೂಸೆಫ್ ಸರ್ಕಾರ ಬೆಲೆಯೇರಿಕೆ ತಡೆಯಲೆಂದು ಸರ್ಕಾರಿ ಪೆಟ್ರೋಬ್ರಾಸ್ ಮೂಲಕ ಪೆಟ್ರೋಲ್ ದರವನ್ನು ಅದುಮಿ ಹಿಡಿಯಿತು, 2012ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ ‘ಸಿದೆ’ ತೆರಿಗೆಯನ್ನೇ ಸೊನ್ನೆ ಮಾಡಿತು. ಎಥೆನಾಲ್ ದರ ಮೇಲೇಳಲಿಲ್ಲ. ಬ್ರೆಜಿಲ್‌ನವರದೇ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿದವು. 2015ರ ಸೆಪ್ಟೆಂಬರಿನಲ್ಲಿ ರೇಣುಕಾದ ಬ್ರೆಜಿಲ್ ಕಂಪನಿಗಳು ಕೋರ್ಟಿನ ರಕ್ಷಣೆ ಕೇಳಿದವು.

ಆಗ ಅವರಿಗೆ ಸಿಕ್ಕಿದ್ದು 2005ರ 11101ನೇ ಕಾಯ್ದೆ ಕೊಡುವ ‘ನ್ಯಾಯಾಂಗ ಚೇತರಿಕೆ’. ಸಾಲ ಕೊಟ್ಟವರ ವಸೂಲಿಗೆ 180 ದಿನ ತಡೆ, 60 ದಿನದೊಳಗೆ ಸಾಲ ತೀರಿಸುವ ಯೋಜನೆ ಕೊಡಬೇಕು, ಸಾಲ ಕೊಟ್ಟವರು ಸಭೆ ಸೇರಿ ಮತ ಹಾಕಬೇಕು. ನಮ್ಮಲ್ಲಿ ಇಂಥ ಸಮಗ್ರ ಕಾಯ್ದೆ ಬಂದದ್ದು 2016ರಲ್ಲಿ, ದಿವಾಳಿ ಸಂಹಿತೆಯ ರೂಪದಲ್ಲಿ. ಎರಡಕ್ಕೂ ಒಂದು ದೊಡ್ಡ ಅಂತರವಿದೆ. ಭಾರತದಲ್ಲಿ ಅರ್ಜಿ ಒಪ್ಪಿಗೆಯಾದ ಕ್ಷಣ ಆಡಳಿತ ಮಂಡಳಿಯ ಕೈಯಿಂದ ಅಧಿಕಾರ ಜಾರಿ ಪರಿಹಾರ ವೃತ್ತಿಪರರ ಕೈಗೆ ಹೋಗುತ್ತದೆ; ಬ್ರೆಜಿಲ್‌ನಲ್ಲಿ ಸಾಲ ಮಾಡಿದವನೇ ಕುರ್ಚಿಯಲ್ಲಿ ಉಳಿದು, ಕೋರ್ಟಿನ ಕಣ್ಗಾವಲಿನಲ್ಲಿ ನಡೆಸುತ್ತಾನೆ. ಹೊರದೇಶದಿಂದ ಬಂದ ಒಡೆಯನಿಗೆ ಬ್ರೆಜಿಲ್‌ನ ಪದ್ಧತಿ ಹೆಚ್ಚು ಅನುಕೂಲ. ಹಾಗಿದ್ದೂ ಅಲ್ಲಿಯ ಕಂಪನಿಗಳನ್ನು ಉಳಿಸಿಕೊಳ್ಳಲು ರೇಣುಕಾಕ್ಕೆ ಆಗಲಿಲ್ಲ. ಬೆಳಗಾವಿಯ ಕಂಪನಿಯ ಸ್ವಂತ ಸಾಲವೂ ಬೆಳೆದು, 2014ರಲ್ಲಿ ಪಾಲುದಾರನಾಗಿ ಬಂದ ಸಿಂಗಪುರದ ವಿಲ್ಮರ್ 2018ರಲ್ಲಿ ಒಡೆಯನೇ ಆಯಿತು. ಬ್ರೆಜಿಲ್‌ನಲ್ಲಿ ವಿದೇಶಿ ಹೂಡಿಕೆದಾರನಾಗಲು ಹೋದ ಕಂಪನಿ ಮುನವಳ್ಳಿಯಲ್ಲೇ ವಿದೇಶಿ ಹೂಡಿಕೆಯ ಕಂಪನಿ ಆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸರ್ಕಾರ ಪೆಟ್ರೋಲ್ ದರ ಅದುಮಿದ್ದರಿಂದ ನನಗೆ ನಷ್ಟವಾಯಿತು ಎಂದು ರೇಣುಕಾ ಬ್ರೆಜಿಲ್ ಸರ್ಕಾರವನ್ನು ಹೊರದೇಶದ ಪಂಚಾಯ್ತಿಗೆ, ಅಂದರೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆಯಬಹುದಿತ್ತೆ? ಸ್ಪೇನ್ ಸೌರ ವಿದ್ಯುತ್ತಿನ ದರ ಇಳಿಸಿದ್ದಕ್ಕೆ ಐವತ್ತರ ಸುಮಾರು ಹೂಡಿಕೆದಾರರು ಅದನ್ನು ಹಾಗೆಯೇ ಎಳೆದರು. ಬ್ರೆಜಿಲ್‌ನ ನೆರೆಯ ಅರ್ಜೆಂಟೀನಾ 2001–02ರ ಬಿಕ್ಕಟ್ಟಿನ ನಂತರ ನಲವತ್ತಕ್ಕೂ ಹೆಚ್ಚು ಮೊಕದ್ದಮೆ ಎದುರಿಸಿತು. ರೇಣುಕಾಕ್ಕೆ ಆ ಹಾದಿ ಇರಲಿಲ್ಲ, ಏಕೆಂದರೆ ಬ್ರೆಜಿಲ್ ಅಂಥ ಹಕ್ಕು ಕೊಡುವ ಯಾವ ಒಪ್ಪಂದಕ್ಕೂ ಕಟ್ಟುಬಿದ್ದೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ 14 ದೇಶಗಳ ಜೊತೆ ಹೂಡಿಕೆ ರಕ್ಷಣೆಯ ಒಪ್ಪಂದಗಳಿಗೆ ಅಲ್ಲಿಯ ಸರ್ಕಾರ ಸಹಿ ಹಾಕಿತ್ತು. ಅವುಗಳಲ್ಲಿ ಒಂದೂ ಜಾರಿಗೆ ಬರಲಿಲ್ಲ. ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕು ಎನ್ನುತ್ತದೆ ಅವರ ಸಂವಿಧಾನ. ವಿದೇಶಿ ಕಂಪನಿಗೆ ದೇಶದ ಕೋರ್ಟನ್ನು ಹಾಯ್ದುಹೋಗುವ ಹಕ್ಕು ಕೊಡಲು ಅಲ್ಲಿಯ ಜನಪ್ರತಿನಿಧಿಗಳು ಒಪ್ಪಲಿಲ್ಲ. ಅದರಿಂದ ಬಂಡವಾಳವೇನೂ ಓಡಿಹೋಗಲಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಅತಿ ಹೆಚ್ಚು ವಿದೇಶಿ ಹೂಡಿಕೆ ಪಡೆಯುವ ದೇಶಗಳ ಸಾಲಿನಲ್ಲಿ ಬ್ರೆಜಿಲ್ ಸದಾ ಮುಂದೆಯೇ ಇದೆ.

ಭಾರತ ಹಿಡಿದದ್ದು ಬೇರೆ ದಾರಿ. 1994ರಲ್ಲಿ ಬ್ರಿಟನ್ ಜೊತೆ ಶುರುಮಾಡಿ ಎಂಬತ್ತಕ್ಕೂ ಹೆಚ್ಚು ದೇಶಗಳ ಜೊತೆ ಇಂಥ ಒಪ್ಪಂದಗಳಿಗೆ ಸಹಿ ಹಾಕಿತು. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿರಲಿಲ್ಲ, ಮಂತ್ರಿಮಂಡಲ ಹೂಂ ಅಂದರೆ ಮುಗಿಯಿತು. ಹಲವು ವರ್ಷ ಆ ಕಾಗದಗಳು ಕಪಾಟಿನಲ್ಲಿದ್ದವು. 2011ರಲ್ಲಿ ಮೊದಲ ಪೆಟ್ಟು ಬಿತ್ತು. ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕೋಲ್ ಇಂಡಿಯಾದ ವಿರುದ್ಧ 2002ರಲ್ಲೇ ಮಧ್ಯಸ್ಥಿಕೆಯಲ್ಲಿ ಗೆದ್ದಿತ್ತು. ಆ ತೀರ್ಪನ್ನು ಜಾರಿ ಮಾಡಿಸಲು ಹೋದರೆ ನಮ್ಮ ಕೋರ್ಟುಗಳಲ್ಲಿ ಒಂಬತ್ತು ವರ್ಷ ಕಳೆದರೂ ಇತ್ಯರ್ಥವಾಗಲಿಲ್ಲ. ಕುವೈತ್ ಜೊತೆಗಿನ ನಮ್ಮ ಒಪ್ಪಂದದಲ್ಲಿ ‘ಹಕ್ಕು ಜಾರಿಗೆ ಪರಿಣಾಮಕಾರಿ ಸಾಧನ’ ಒದಗಿಸುವ ಮಾತಿತ್ತು. ಕುವೈತಿನವರಿಗೆ ಕೊಟ್ಟದ್ದನ್ನು ತನಗೂ ಕೊಡಬೇಕು ಎಂದು ಕಂಪನಿ ವಾದಿಸಿತು, ಗೆದ್ದಿತು. ಆ ಕಂಪನಿಗೆ ಭಾರತ ದಂಡ ತೆತ್ತದ್ದು ಆಸ್ತಿ ಕಸಿದದ್ದಕ್ಕಲ್ಲ, ಕೋರ್ಟು ತಡಮಾಡಿದ್ದಕ್ಕೆ.

ಕಲಘಟಗಿ ಕೋರ್ಟಿನಿಂದ ಧಾರವಾಡದ ಜಿಲ್ಲಾ ಕೋರ್ಟಿಗೆ, ಅಲ್ಲಿಂದ ಹೈಕೋರ್ಟಿಗೆ ಅಲೆದು ಅಪ್ಪನ ದಾವೆಯನ್ನು ಮಗ ನಡೆಸುತ್ತಿರುವ ಮನೆಗಳು ನಮ್ಮ ತಾಲೂಕುಗಳಲ್ಲಿ ಎಷ್ಟಿಲ್ಲ? ‘ಅಲ್ರೀ, ಒಂಬತ್ತು ವರ್ಷ ತಡಾ ಆತಂತ ಅವ್ರಿಗೆ ರೊಕ್ಕಾ ಕೊಟ್ರ, ನಮಗ್ಯಾಕ ಕೊಡಂಗಿಲ್ರೀ?’ ಎಂದು ದೇವಿಕೊಪ್ಪದ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಿದರೆ ಕಾನೂನು ಪಂಡಿತರ ಹತ್ತಿರ ನೇರ ಉತ್ತರವಿಲ್ಲ. ಉತ್ತರ ಇಷ್ಟೇ: ಅವನ ಪಾಸ್‌ಪೋರ್ಟ್ ಬೇರೆ. ಕಬ್ಬಿನ ಹಣವನ್ನು 14 ದಿನದೊಳಗೆ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸ್ಪಷ್ಟವಾಗಿಯೇ ಇದೆ. ಬೆಳೆಗಾರನೂ ಹೂಡಿಕೆದಾರನೇ, ಹನ್ನೆರಡು ತಿಂಗಳು ನೆಲದಲ್ಲಿ ದುಡ್ಡು ಹೂತಿಟ್ಟವನು. ಆ ಬಡ್ಡಿಯನ್ನು ಬಿಲ್ಲಿನ ಜೊತೆ ಕೈಗೆ ಪಡೆದವರನ್ನು ನಾನಂತೂ ಕಂಡಿಲ್ಲ.

ವೈಟ್ ನಂತರ ಮೊಕದ್ದಮೆಗಳ ಮಳೆ. ಹಳೆಯ ವ್ಯವಹಾರಕ್ಕೆ ಹೊಸ ತೆರಿಗೆ ಹಾಕಿದ್ದಕ್ಕೆ ವೊಡಾಫೋನ್, ಕೇರ್ನ್. ಬೆಂಗಳೂರಿನ ಸರ್ಕಾರಿ ಕಂಪನಿ ಆಂಟ್ರಿಕ್ಸ್ ಜೊತೆಗಿನ ತರಂಗಾಂತರ ಒಪ್ಪಂದ ರದ್ದಾದದ್ದಕ್ಕೆ ದೇವಾಸ್‌ನ ಮಾರಿಷಸ್ ಮತ್ತು ಜರ್ಮನಿಯ ಹೂಡಿಕೆದಾರರು. ದೇವಾಸ್ ಕಥೆ ಬೇರೆಯದೇ ಪುರವಣಿ ಬೇಡುತ್ತದೆ: ಆ ಕಂಪನಿ ಹುಟ್ಟಿದ್ದೇ ಮೋಸದಿಂದ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದರೂ ಹೊರಗಿನ ತೀರ್ಪುಗಳ ವಸೂಲಿ ಯತ್ನ ದೇಶದೇಶಗಳಲ್ಲಿ ನಡೆಯಿತು. ಬೆಚ್ಚಿದ ಭಾರತ 2016ರ ಹೊತ್ತಿಗೆ ಹೊಸ ಮಾದರಿ ಒಪ್ಪಂದ ಬರೆಯಿತು. ವಿದೇಶಿ ಹೂಡಿಕೆದಾರ ಐದು ವರ್ಷ ಇಲ್ಲಿಯ ಕೋರ್ಟುಗಳಲ್ಲಿ ಓಡಾಡಿದ ಮೇಲಷ್ಟೇ ಹೊರಗೆ ಹೋಗಬಹುದು, ತೆರಿಗೆಯ ತಂಟೆಗೆ ಬರುವಂತಿಲ್ಲ. ಐವತ್ತಕ್ಕೂ ಹೆಚ್ಚು ಹಳೆಯ ಒಪ್ಪಂದಗಳಿಗೆ ಮುಕ್ತಾಯದ ನೋಟಿಸು ಹೋಯಿತು.

ಕೊನೆಗೆ ಭಾರತ ಬ್ರೆಜಿಲ್‌ನ ದಾರಿಗೂ ಒಂದು ಕಾಲಿಟ್ಟಿತು. 2020ರ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದ ಆಗಿನ ಬ್ರೆಜಿಲ್ ಅಧ್ಯಕ್ಷ ಬೊಲ್ಸೊನಾರೊ ಮುಂದೆ ಜನವರಿ 25ರಂದು ಎರಡೂ ದೇಶಗಳು ಹೂಡಿಕೆ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದವು. ಇದರಲ್ಲಿ ಕಂಪನಿ ಸರ್ಕಾರವನ್ನು ಹೊರಗಿನ ಪಂಚಾಯ್ತಿಗೆ ಎಳೆಯುವ ಅವಕಾಶವಿಲ್ಲ. ದೂರು ಬಂದರೆ ಎರಡೂ ಕಡೆಯ ಜಂಟಿ ಸಮಿತಿ ಕೂತು ಮಾತಾಡಬೇಕು. ಬಗೆಹರಿಯದಿದ್ದರೆ ಸರ್ಕಾರ ಸರ್ಕಾರಗಳ ನಡುವೆ ಮಧ್ಯಸ್ಥಿಕೆ. ಅದೇ ವರ್ಷದ ಡಿಸೆಂಬರಿಗೆ ಧಾರವಾಡದ ಬ್ರೆಜಿಲ್ ಪಾಲು ಮಾರಾಟದ ಸುದ್ದಿ ಬಂತು. ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಹೂಡಿಕೆ ಉಳಿಯುವುದು ಹೋಗುವುದು ಒಪ್ಪಂದದ ಮೇಲೆ ನಿಂತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟಾಗಿಯೂ ಧಾರವಾಡದಲ್ಲಿ ಎಲ್ಲ ವಿದೇಶಿಯರಿಗೂ ಒಂದೇ ಅಳತೆ ಇಲ್ಲ. ಕೃಷಿಹೊಂಡ ತೋಡಲು ನಮ್ಮ ರೈತರು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತರಿಸುವ ‘ಹಿಟಾಚಿ’ ಇದೆಯಲ್ಲ, ಅಂಥ ಯಂತ್ರಗಳನ್ನು ತಯಾರಿಸುವ ಟಾಟಾ ಹಿಟಾಚಿ ಕಾರ್ಖಾನೆಯೂ ಧಾರವಾಡದಲ್ಲೇ ಇದೆ, ಅದರ ಶೇ 60 ಪಾಲು ಜಪಾನಿನವರದು. ಜಪಾನ್ ಜೊತೆಗಿನ 2011ರ ಸಮಗ್ರ ಒಪ್ಪಂದದಲ್ಲಿ ಹೂಡಿಕೆದಾರ ಸರ್ಕಾರವನ್ನು ಮಧ್ಯಸ್ಥಿಕೆಗೆ ಎಳೆಯುವ ಹಕ್ಕು ಉಂಟು. ತಮಿಳುನಾಡು ಸರ್ಕಾರ ಕೊಡಬೇಕಿದ್ದ ಪ್ರೋತ್ಸಾಹಧನ ಬಂದಿಲ್ಲವೆಂದು ನಿಸಾನ್ ಅದನ್ನು ಬಳಸಿ ಸುಮಾರು 5,000 ಕೋಟಿ ರೂಪಾಯಿಯ ದಾವೆ ಹೂಡಿತ್ತು, 2020ರಲ್ಲಿ ರಾಜಿಯಾಯಿತು. ಕೊಟ್ಟ ಮಾತು ರಾಜ್ಯದ್ದು, ಕಟಕಟೆಗೆ ಬಂದದ್ದು ಕೇಂದ್ರ. ಬಂಡವಾಳ ಮೇಳಗಳಲ್ಲಿ ರಿಯಾಯಿತಿ ಬರೆದುಕೊಡುವ ಬೆಂಗಳೂರಿನ ಅಧಿಕಾರಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. 2025ರ ಫೆಬ್ರುವರಿ ಮೇಳದಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಮೀರಿದ ಹೂಡಿಕೆಯ ಭರವಸೆ ಬಂತೆಂದು ಸರ್ಕಾರ ಹೇಳಿಕೊಂಡಿದೆ. ಅದರ ಹಿಂದೆ ಎಷ್ಟು ಭರವಸೆ ನಾವು ಕೊಟ್ಟಿದ್ದೇವೆ ಎಂಬ ಪಟ್ಟಿಯೂ ಜನರ ಮುಂದೆ ಬರಲಿ.

ನನ್ನ ತೀರ್ಮಾನ ಬ್ರೆಜಿಲ್‌ನ ಪರ, ಅದೂ ಅರ್ಧ ಮಾತ್ರ. ವಿದೇಶಿ ಹೂಡಿಕೆದಾರನಿಗೆ ದೇಶದ ಕೋರ್ಟನ್ನು ಬಿಟ್ಟು ಹೋಗುವ ವಿಶೇಷ ಹಕ್ಕು ಬೇಡ, ಆ ಬಗ್ಗೆ ಜನಪ್ರತಿನಿಧಿಗಳು ಚರ್ಚಿಸಬೇಕು ಎಂಬುದನ್ನು ಬ್ರೆಜಿಲ್‌ನಿಂದ ಕಲಿಯಬೇಕು. ಗೆದ್ದವನಿಗೆ ಹಣ ಕೊಡಲು ಅದು ಹಚ್ಚುವ ಪಾಳಿಯನ್ನಲ್ಲ. ಹೊರಗಿನವನಿಗೆ ಇಲ್ಲಿಯ ಕೋರ್ಟೇ ಗತಿ ಎಂದ ಮೇಲೆ ಇಲ್ಲಿಯ ಕೋರ್ಟು ವೇಗವಾಗಿ ನಡೆಯಬೇಕು. ಅದು ನಡೆದರೆ ಲಾಭ ಮೊದಲು ಬರುವುದು ಕಾಶಿಯಾಸ್ ದೊ ಸುಲ್‌ಗಲ್ಲ, ಕಲಘಟಗಿಗೆ. ವಕೀಲರ ದೀರ್ಘ ಹೋರಾಟದ ಫಲವಾಗಿ 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಖರ್ಚು ಅಷ್ಟರಮಟ್ಟಿಗೆ ತಪ್ಪಿದೆ; ತಾರೀಕಿನ ಮೇಲೆ ತಾರೀಕು ಬೀಳುವುದು ತಪ್ಪಿಲ್ಲ.

2025ರ ಕೇಂದ್ರ ಬಜೆಟ್ಟಿನಲ್ಲಿ ಮಾದರಿ ಒಪ್ಪಂದವನ್ನು ಮತ್ತೆ ತಿದ್ದಿ ಹೂಡಿಕೆದಾರ ಸ್ನೇಹಿ ಮಾಡುತ್ತೇವೆ ಎಂದು ಹಣಕಾಸು ಸಚಿವರು ಘೋಷಿಸಿದ್ದಾರೆ. 2024ರಲ್ಲಿ ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ ಐದು ವರ್ಷದ ಕಾಯುವಿಕೆ ಆಗಲೇ ಮೂರಕ್ಕೆ ಇಳಿದಿದೆ. ಈ ಕಾಗದಗಳ ಮೇಲೆ ಸಂಸತ್ತಿನಲ್ಲಿ ಮತ ಬೀಳುವುದಿಲ್ಲ, ಆದರೆ ಪ್ರಶ್ನೆ ಕೇಳುವುದಕ್ಕೆ ಸಂಸದರಿಗೆ ಅಡ್ಡಿಯಿಲ್ಲ. ಮುಂದಿನ ಸಲ ಸಂಸದರು ನಿಮ್ಮೂರಿಗೆ ಬಂದಾಗ ರಸ್ತೆ, ನೀರು, ಕಬ್ಬಿನ ದರದ ಜೊತೆ ಇದನ್ನೂ ಕೇಳಿ: ಹೊರಗಿನವರಿಗೆ ಏನು ಬರೆದುಕೊಡುತ್ತಿದ್ದೀರಿ, ಅದನ್ನು ಓದಿದ್ದೀರಾ?